ಸತ್ತವರ ಬಟ್ಟಲು

ಅಕ್ಕನ ಮದುವೆ ಗೊತ್ತಾದಾಗ ಅಮ್ಮ ಕೇಳಿದ್ದು ಒಂದೇ. ಔತಣದಲ್ಲಿ ಸತ್ತವರಿಗಾಗಿ ವೈನಿನ ಬಟ್ಟಲು ಎತ್ತುವಾಗ ಅಪ್ಪನ ಹೆಸರು ಹೇಳಬೇಕು, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ.

ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ಪೊಲೀಸರು ಅಪ್ಪನನ್ನು ಕರೆದೊಯ್ದ ಮೇಲೆ ಅಲಾಜಾನಿ ಕಣಿವೆಯ ನಮ್ಮ ಹಳ್ಳಿಯಲ್ಲಿ ಯಾರೂ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಶಾಲೆಯ ಮೇಷ್ಟ್ರಾಗಿದ್ದವರು ಜನತೆಯ ಶತ್ರು ಎಂದು ತೀರ್ಪಾಯಿತು. ಹೆಣ ಕೊಡಲಿಲ್ಲ, ಆದ್ದರಿಂದ ಗೋರಿಯೂ ಇಲ್ಲ. ನಾನು ರಾಜಧಾನಿ ತಿಬಿಲಿಸಿಗೆ ಹೋಗಿ ಇತಿಹಾಸ ಓದಿದೆ. ಪರ್ಷಿಯದ ಶಾಹ, ಮಂಗೋಲರು, ರಷ್ಯಾದ ಜಾರ್, ಎಲ್ಲರೂ ನಮ್ಮ ಕಣಿವೆಯನ್ನು ತುಳಿದು ಹೋದವರೇ. ದ್ರಾಕ್ಷಿ ಬಳ್ಳಿಗಳನ್ನು ಬುಡಸಮೇತ ಕಡಿದವರೂ ಇದ್ದರು. ಆದರೆ ಊಟದ ಮೇಜಿನಲ್ಲಿ ಸತ್ತವರ ಹೆಸರು ಹೇಳಬಾರದು ಎಂದವರನ್ನು ನಾನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆಯಲಿಲ್ಲ. ಬರೆಯದೆ ಬಿಟ್ಟದ್ದರಿಂದಲೇ ಪಾಸಾದೆ, ಅಪ್ಪನ ಶಾಲೆಯಲ್ಲೇ ಕೆಲಸ ಗೊತ್ತಾಯಿತು.

ಔತಣಕ್ಕೆ ತಮಾದ ಆಗಬೇಕಾದವನು ಅಪ್ಪನ ಅಣ್ಣ, ಗಿಗೋ ದೊಡ್ಡಪ್ಪ. ಯಾರಿಗಾಗಿ, ಯಾವ ಕ್ರಮದಲ್ಲಿ ಬಟ್ಟಲು ಏಳಬೇಕೆಂದು ತಮಾದನೇ ಹೇಳಬೇಕು. ಅವನು ಬಾಯಿ ತೆರೆಯುವ ತನಕ ಯಾರೂ ಕುಡಿಯುವಂತಿಲ್ಲ. ಆದರೆ ಮದುವೆಗೆ ಸ್ವಲ್ಪ ದಿನ ಮುಂಚೆ ಜಿಲ್ಲಾ ಪಕ್ಷದ ಕಾರ್ಯದರ್ಶಿ ಪಾರ್ಮೆನ್ ನಮ್ಮ ಅಂಗಳಕ್ಕೆ ಬಂದ. ಪಕ್ಕದ ಹಳ್ಳಿಯವನು, ಅಪ್ಪನ ಹತ್ತಿರವೇ ಅಕ್ಷರ ಕಲಿತವನು.

"ದರೇಜಾನ್ ಅಕ್ಕ, ತಮಾದ ಯಾರು?"

"ಗಿಗೋ ಬಾವ," ಎಂದಳು ಅಮ್ಮ. ನಾದುತ್ತಿದ್ದ ಹಿಟ್ಟಿನಿಂದ ತಲೆ ಎತ್ತಲಿಲ್ಲ.

"ಅವನಿಗೆ ವಯಸ್ಸಾಯ್ತು. ಮೂರನೇ ಬಟ್ಟಲಿಗೇ ನಿದ್ದೆ ಹೋಗ್ತಾನೆ. ನಾನೇ ಆಗ್ತೀನಿ ಬಿಡಿ."

"ನಿದ್ದೆ ಹೋಗೋದು ನಾನಲ್ಲಪ್ಪ, ನಿನ್ನ ಸಭೇಲಿ ಕೂತೋರು," ಎಂದ ದೊಡ್ಡಪ್ಪ ಮೂಲೆಯಿಂದ.

ಪಾರ್ಮೆನ್ ನಕ್ಕ. ನಗುತ್ತಲೇ ನನ್ನ ಭುಜ ತಟ್ಟಿ, "ನಾಳೆ ಮೇಷ್ಟ್ರಾಗಿ ಶಾಲೆಗೆ ಹೋಗೋನು ನೀನು. ಮನೆಯವರಿಗೆ ಸ್ವಲ್ಪ ತಿಳಿಸಿ ಹೇಳು," ಎಂದು ಹೊರಟುಹೋದ.

ನಾನು ಅಮ್ಮನಿಗೆ ಹೇಳಿದೆ, "ಅವನು ತಮಾದ ಆದ್ರೆ ಅಪ್ಪನಿಗೆ ಬಟ್ಟಲು ಏಳಲ್ಲ."

ಅಮ್ಮ ಹಿಟ್ಟಿನ ಮುದ್ದೆಯನ್ನು ತಿರುವಿ ಹಾಕಿ ಮತ್ತೆ ನಾದತೊಡಗಿದಳು. ಅವಳ ಮೌನವನ್ನು ನಾನು ಅಷ್ಟು ವರ್ಷ ಭಯವೆಂದೇ ಓದಿಕೊಂಡಿದ್ದೆ.

ಮದುವೆಯ ದಿನ ದ್ರಾಕ್ಷಿ ಚಪ್ಪರದ ಕೆಳಗೆ ಉದ್ದಕ್ಕೆ ಮೇಜು ಹಾಕಿದರು. ಒಣ ಬಳ್ಳಿಯ ಕೆಂಡದ ಮೇಲೆ ಮಾಂಸ ಸುಡುತ್ತಿತ್ತು. ನೆಲದಲ್ಲಿ ಹೂತ ಗುಡಾಣದಿಂದ ಕೆಂಪು ವೈನನ್ನು ಮೊಗೆಮೊಗೆದು ತರುತ್ತಿದ್ದರು. ಪಾರ್ಮೆನ್ ಮೇಜಿನ ತಲೆಯಲ್ಲಿ ನಿಂತು ಮೊದಲ ಬಟ್ಟಲನ್ನು ಮಾಸ್ಕೋದ ನಾಯಕನಿಗೆ ಎತ್ತಿಸಿದ. ಕುಡಿದೆವು. ಆಮೇಲೆ ಶಾಂತಿಗೆ, ವಧೂವರರಿಗೆ, ಹೆತ್ತವರಿಗೆ. ಹುಡುಗಿಯ ತಾಯಿ ಎಂದನೇ ಹೊರತು ತಂದೆ ಎನ್ನಲಿಲ್ಲ. ಅದನ್ನೂ ಕುಡಿದೆವು. ಚೆನ್ನಾಗಿಯೇ ಮಾತಾಡುತ್ತಿದ್ದ.

"ಇನ್ನು ಮಕ್ಕಳಿಗೆ," ಎಂದ. "ಈ ಮನೆಯಲ್ಲಿ ಹುಟ್ಟೋ ಮಕ್ಕಳಿಗೆ."

ಯಾರ ಕೈಯೂ ಮೇಲೇಳಲಿಲ್ಲ.

ನಮ್ಮಲ್ಲಿ ಮೊದಲು ಸತ್ತವರು, ಅವರ ಬೆನ್ನಿಗೆ ಮಕ್ಕಳು. ಹೋದವರಿಗೆಂದು ರೊಟ್ಟಿಯ ಮೇಲೆ ವೈನು ತೊಟ್ಟಿಕ್ಕಿಸಿ, ಆಮೇಲೆ ಬರುವವರಿಗೆ ಕುಡಿಯಬೇಕು. ಸತ್ತವರನ್ನು ದಾಟಿ ಮಕ್ಕಳಿಗೆ ಬಟ್ಟಲು ಎತ್ತುವುದೆಂದರೆ ಹುಟ್ಟದ ಕೂಸಿನ ಮೇಲೆ ಸಾವನ್ನು ಕರೆದಂತೆ. ಒಂದೇ ಒಂದು ಬಟ್ಟಲನ್ನು ತಪ್ಪಿಸುವ ಆತುರದಲ್ಲಿ ಪಾರ್ಮೆನ್ ಅದನ್ನು ಮರೆತಿದ್ದ.

"ಯಾಕೆ, ವೈನು ಹುಳಿ ಆಯ್ತಾ?"

"ವೈನು ಸರಿ ಇದೆ," ಎಂದ ಗಿಗೋ ದೊಡ್ಡಪ್ಪ. "ಸಾಲು ತಪ್ಪಿದೆ."

"ತಮಾದ ಹೇಳಿದ ಮೇಲೆ ಕುಡೀಬೇಕು. ನಿಮ್ಮದೇ ಪದ್ಧತಿ."

"ನಿಂದೂ ಹೌದಲ್ಲೋ."

ಮದುಮಗನ ತಂದೆ ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದ. "ನನ್ನ ಮೊಮ್ಮಕ್ಕಳು ಇನ್ನೂ ಹುಟ್ಟೇ ಇಲ್ಲ, ಪಾರ್ಮೆನ್. ಈಗ್ಲೇ ಅವುಗಳ ಮೇಲೆ ನಿನಗ್ಯಾಕೆ ಕಣ್ಣು?"

ಡೋಲು ನಿಂತಿತು. ಪಾರ್ಮೆನ್ ಮೇಜಿನ ಉದ್ದಕ್ಕೂ ನೋಡಿದ. "ಇಲ್ಲಿ ಕೂತಿರೋ ಒಬ್ಬೊಬ್ಬರ ಮುಖಾನೂ ನೋಡ್ತಾ ಇದೀನಿ, ನೆನಪಿರ್ಲಿ."

"ನೋಡಪ್ಪ," ಎಂದಳು ಪಕ್ಕದ ಮನೆಯ ಬಾಬಲೆ. "ಮದುವೆಗೆ ಅಂತ ತೊಳ್ಕೊಂಡೇ ಬಂದಿದೀವಿ."

ಯಾರೂ ನಗಲಿಲ್ಲ. ನಮ್ಮ ಹಳ್ಳಿಯ ಮೌನ ನನಗೆ ಹೊಸದಲ್ಲ. ಗುಡಾಣದ ಮೇಲೆ ಮುಚ್ಚಿದ ಕಲ್ಲಿನಂತೆ ಅದು ನಮ್ಮ ಬಾಯಿಗಳ ಮೇಲೆ ಕೂತಿತ್ತು. ಈ ಹೊತ್ತು ಮಾತ್ರ ಅದು ನಮ್ಮ ಕಡೆಗಿತ್ತು.

"ಸರಿ," ಎಂದ ಪಾರ್ಮೆನ್ ಕೊನೆಗೆ. "ಸತ್ತವರಿಗೆ. ಯುದ್ಧದಲ್ಲಿ ಮಡಿದ ವೀರರಿಗೆ. ಹೆಸರು ಬೇಡ."

ಎಲ್ಲರೂ ಎದ್ದು ನಿಂತರು. ಬಟ್ಟಲು ಹಿಡಿದರು. ಆದರೆ ಯಾರೂ ತುಟಿಗೆ ತರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ತೋಳಿನ ಮೇಲೆ ಬಿಸಿ ರೊಟ್ಟಿಗಳು. ಪಾರ್ಮೆನ್‌ನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಜುರಾಬ್, ಓದಿದವನು ನೀನು," ಎಂದ ಪಾರ್ಮೆನ್. ದನಿ ತಗ್ಗಿತ್ತು. "ಕೆಲಸ ಇನ್ನೂ ಕೈಗೆ ಬಂದಿಲ್ಲ, ಗೊತ್ತಲ್ಲ. ಇವರಿಗೆ ಹೇಳು."

"ಹೇಳ್ತೀನಿ," ಎಂದೆ.

ಆ ಹೆಸರನ್ನು ಯಾವ ದನಿಯಲ್ಲಿ ಹೇಳಬೇಕೆಂಬುದೂ ನನಗೆ ತಿಳಿದಿರಲಿಲ್ಲ.

"ನನ್ನಪ್ಪ ಎರೆಕ್ಲೆಗೆ," ಎಂದೆ. "ಈ ಊರಿನ ಮೇಷ್ಟ್ರಿಗೆ. ಅವರನ್ನ ಕೊಂದರು."

"ಎರೆಕ್ಲೆಗೆ," ಎಂದ ಗಿಗೋ ದೊಡ್ಡಪ್ಪ. ಬಾಬಲೆ ಎಂದಳು, ಮದುಮಗನ ತಂದೆ ಎಂದ, ಆಮೇಲೆ ಮೇಜಿನ ಕೊನೆಯವರೆಗೂ ಅದೇ ಹೆಸರು ಹೋಯಿತು. ಎಲ್ಲ ಬಟ್ಟಲುಗಳೂ ಬಾಗಿ ರೊಟ್ಟಿಗಳ ಮೇಲೆ ಕೆಂಪು ತೊಟ್ಟುಗಳು ಬಿದ್ದವು. ಪಾರ್ಮೆನ್‌ನ ಮುಂದಿನ ರೊಟ್ಟಿಯ ಮೇಲೂ ಬಿದ್ದವು. ಅವನ ಬಟ್ಟಲೂ ಬಾಗಿತ್ತು. ಹುಟ್ಟಿದಾಗಿನಿಂದ ಕಲಿತ ಕೈ. ಪಕ್ಷವನ್ನು ಕೇಳದೆ ಬಾಗಿತ್ತು. ಅವನು ತನ್ನ ಮಣಿಕಟ್ಟನ್ನು ಪರರದ್ದೆಂಬಂತೆ ನೋಡಿಕೊಂಡ. ನೆನೆದ ರೊಟ್ಟಿಯನ್ನು ಎಲ್ಲರೂ ನೋಡಿದ್ದರು.

"ತೊಟ್ಟಿಕ್ಕಿಸಿದ ಮೇಲೆ ಕುಡೀದೆ ಇಡಬಾರದು ಕಣಪ್ಪ," ಎಂದ ದೊಡ್ಡಪ್ಪ. "ಮೇಷ್ಟ್ರು ನಿನಗೂ ಕಲಿಸಿದ್ರಲ್ಲ."

ಪಾರ್ಮೆನ್ ಕುಡಿದ. ಪೂರ್ತಿ ಕುಡಿದು ಬಟ್ಟಲು ಕೆಳಗಿಟ್ಟ. ಟೋಪಿ ತೆಗೆದುಕೊಂಡು ಹೊರಟ. ಗಿಗೋ ದೊಡ್ಡಪ್ಪ ಮೇಜಿನ ತಲೆಗೆ ಹೋಗಿ ನಿಂತು ಮಕ್ಕಳಿಗೆಂದು ಬಟ್ಟಲು ಎತ್ತಿಸಿದ. ಅಮ್ಮ ರೊಟ್ಟಿಗಳನ್ನು ಹಂಚಿಕೊಂಡು ಬಂದಳು. ನನ್ನ ಹತ್ತಿರ ಬಂದಾಗ ಒಂದನ್ನು ಹೆಚ್ಚಿಗೆ ಇಟ್ಟಳು, ಅಷ್ಟೇ.

ಯಾರ ಮೇಲೂ ದೂರು ಹೋಗಲಿಲ್ಲ. ಕೊಟ್ಟರೆ ತಾನು ಯಾರಿಗೆ ಕುಡಿದೆ ಎಂಬುದನ್ನೂ ಪಾರ್ಮೆನ್ ಹೇಳಬೇಕಾಗುತ್ತಿತ್ತು. ಶಾಲೆಯ ಕೆಲಸ ಮಾತ್ರ ನನಗೆ ಬರಲಿಲ್ಲ. ಶರತ್ಕಾಲದಲ್ಲಿ ಸಾಮೂಹಿಕ ತೋಟಕ್ಕೆ ದ್ರಾಕ್ಷಿ ಕೊಯ್ಯಲು ಕಳಿಸಿದರು. ಮೊದಲ ದಿನ ಬಳ್ಳಿಗಳ ಸಾಲಿನಾಚೆಯಿಂದ ಯಾರೋ ಕೂಗಿದರು, ಅಕ್ಕಪಕ್ಕದವರೆಲ್ಲ ಕೇಳಿಸಿಕೊಳ್ಳಲಿ ಎಂಬಂತೆ.

"ಏ ಎರೆಕ್ಲೆ ಮಗನೇ, ಆ ಬುಟ್ಟಿ ಈ ಕಡೆ ಕೊಡು."

ಬುಟ್ಟಿ ಎತ್ತಿಕೊಂಡು ಹೋದೆ.