ಆವಲಪ್ಪನ ಮೊಳ

ನಮ್ಮ ಪೀಣ್ಯದ ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಪವರ್ ಪ್ರೆಸ್ ನಡೆಸುತ್ತಿದ್ದ ಆವಲಪ್ಪ, ಬಲಗೈಯ ಮೂರು ಬೆರಳು ಹೋದ ಮೇಲೆ ಗೇಟಿನ ಕಾವಲಿಗೆ ಬಂದಿದ್ದರು. ೧೯೮೨ರ ನವೆಂಬರಿನ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ನನ್ನ ಇನ್‌ಸ್ಪೆಕ್ಷನ್ ಮೇಜಿನ ಎದುರು ಬಂದು ನಿಂತರು.

“ಸಾರ್, ಮಗಳು ಕೃಷ್ಣಮ್ಮ ಎರಿಗೆಗೆ ಬಂದವ್ಳೆ. ಚಿಕ್ಕಬಾಣಾವರದ ಕೆರೆ ಮೀನು ಬೇಕಂತೆ. ಅಂಗಡೀದು ತಂದ್ರೆ ಮುಟ್ಟಾಕಿಲ್ಲ, ಅಪ್ಪ ಇಡ್ದಿದ್ದೇ ಬೇಕಂತೆ.”

“ಹಿಡೀರಿ ಮತ್ತೆ.”

“ಬೆರಳು ಓದ್ಮೇಲೆ ಗಾಳ ಮುಟ್ಟಿಲ್ಲ ಸಾರ್. ದಡದತ್ರ ನೀರೊಳಗೆ ಬಂಡೆ ಐತೆ, ಗೆಂಡೆ ಮೀನೆಲ್ಲ ಅದರ ಮ್ಯಾಲೇ. ಗಾಳ ಕೆಳಕ್ಕೆ ಓದ್ರೆ ಸಂದೀಲಿ ಸಿಕ್ಕಾಕ್ಕಂತದೆ, ಈ ಕೈಲಿ ಬಿಡ್ಸಾಕಾಗಲ್ಲ. ಬಂಡೆ ಮುಟ್ದಂಗೆ ತೇಲಿಸೋ ಬೆಂಡು ಮಾಡ್ಕೊಡಿ. ಸೈನ್ಸ್ ಓದಿರೋರು ನೀವು.”

“ಮೀನು ತಿನ್ನದವನು ಮಾಡಿದ ಬೆಂಡಿಗೆ ಮೀನು ಬರುತ್ತೇನ್ರೀ?”

“ನೀವು ಪುಳಿಚಾರು ಅಂತ ಮೀನಿಗೇನ್ ಗೊತ್ತು ಸಾರ್!”

ಮೋಟಾರು ಬಂದ ಪೆಟ್ಟಿಗೆಯ ಥರ್ಮಕೋಲನ್ನು ಬ್ಲೇಡಿನಿಂದ ಕೊಯ್ದು, ಮರಳು ಕಾಗದದಲ್ಲಿ ತಿಕ್ಕಿ ಮೊಟ್ಟೆಯ ಆಕಾರಕ್ಕೆ ತಂದೆ. ಕಾಣಲೆಂದು ಹೆಂಡತಿ ಊರ್ಮಿಳಾಳ ಕೆಂಪು ನೇಲ್ ಪಾಲಿಶ್ ಬಳಿದರೆ ಅದು ಥರ್ಮಕೋಲನ್ನೇ ಕರಗಿಸಿಬಿಟ್ಟಿತು. ರಸಾಯನಶಾಸ್ತ್ರದಲ್ಲಿ ಪದವಿ ಪಡೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. “ನನ್ನ ಬಾಟ್ಲಿನೂ ಖಾಲಿ, ನಿಮ್ಮ ಬೆಂಡೂ ಖಾಲಿ” ಎಂದು ಅವಳು ನಕ್ಕಳು. ಮತ್ತೆ ಎರಡು ಮಾಡಿದೆ. ನಡುವೆ ನವಿಲುಗರಿಯ ದಂಟು ತೂರಿಸಿ, ಬಣ್ಣವನ್ನು ಅದರ ತುದಿಗೆ ಮಾತ್ರ ಹಚ್ಚಿದೆ. ನೆಟ್ಟಗೆ ನಿಲ್ಲಲು ಬುಡಕ್ಕೆ ಸೀಸದ ತಂತಿ ಸುತ್ತಿದೆ. ಸೈಕಲ್ಲಿನ ವಾಲ್ ಟ್ಯೂಬಿನ ರಬ್ಬರ್ ಚೂರು ದಾರವನ್ನು ಬೆಂಡಿಗೆ ಬಿಗಿಹಿಡಿಯುತ್ತಿತ್ತು. ಅದನ್ನು ಮೇಲೆ ಕೆಳಗೆ ಜಾರಿಸಿದರೆ ಗಾಳ ಎಷ್ಟು ಆಳದಲ್ಲಿ ತೂಗಬೇಕೋ ಅಷ್ಟಕ್ಕೆ ನಿಲ್ಲುತ್ತಿತ್ತು.

“ನೀರಿಂದ ಬಂಡೆಗೆ ಎರಡೂವರೆ ಮೊಳ” ಎಂದಿದ್ದರು ಆವಲಪ್ಪ. “ಓದ್ ಭಾನುವಾರ ಬಿದಿರು ಗಳ ಇಳಿಬಿಟ್ಟು ಅಳದಿವ್ನಿ. ಗಾಳ ಎರಡು ಮೊಳದಲ್ಲಿ ನಿಲ್ಲಲಿ.”

ಮೊಳವೆಂದರೆ ಹದಿನೆಂಟು ಇಂಚು. ಎರಡು ಗಾಳವನ್ನೂ ಮೂವತ್ತಾರು ಇಂಚಿಗೆ ಕಟ್ಟಿದೆ.

ಭಾನುವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಆವಲಪ್ಪ ಎಡಗೈಯಲ್ಲಿ ಗಾಳ ಎಸೆದರು. ಬೆಂಡು ನೆಟ್ಟಗೆ ನಿಂತು, ಮೆಲ್ಲಗೆ ಬಂಡೆಯತ್ತ ಸರಿದು, ಓರೆಯಾಗಿ ನಿಂತುಬಿಟ್ಟಿತು. ಎಳೆದರು. ದಾರ ಕಿತ್ತುಹೋಯಿತು. ಗಾಳ ಬಂಡೆಯಲ್ಲೇ ಉಳಿಯಿತು.

ಅವರು ದಾರ ಸುತ್ತಿದರು. “ಸುಮ್ನೆ ಆಸೆಪಟ್ಟೆ ಸಾರ್. ಈ ಕೈಗಿನ್ನು ಆಗಾಕಿಲ್ಲ. ಅಂಗಡೀದೇ ತಗಂಡೋಗಿ, ನಾನೇ ಇಡ್ದೆ ಅಂದ್ಬಿಡ್ತೀನಿ.”

ಎಸೆತದಲ್ಲಿ ತಪ್ಪಿರಲಿಲ್ಲ, ಬೆಂಡೂ ಸರಿಯಾಗಿಯೇ ನಿಂತಿತ್ತು. ಉಳಿದದ್ದು ಅಳತೆ.

“ಆವಲಪ್ಪನವರೇ, ಆವತ್ತು ಗಳ ಅಳೆದಿದ್ದು ಯಾವ ಕೈಲಿ?”

“ಇದೇ ಬಲಗೈಲಿ. ಚಿಕ್ಕಂದಿನಿಂದ ಮೊಳ ಆಕೋದು ಇದರಲ್ಲೇ.”

ಜೇಬಿನಲ್ಲಿದ್ದ ಸ್ಟೀಲ್ ಸ್ಕೇಲನ್ನು ಅವರ ಮೊಣಕೈಯಿಂದ ಮುಂದಕ್ಕೆ ಇಡುತ್ತ ಹೋದೆ. ನಡುಬೆರಳು ಇರಬೇಕಾದ ಕಡೆ, ಗೆಣ್ಣಿನ ಬಳಿ, ಕೈ ಮುಗಿದಿತ್ತು. ಹದಿನಾಲ್ಕೂವರೆ ಇಂಚು. ಅಂಥ ಎರಡೂವರೆ ಮೊಳವೆಂದರೆ ಹೆಚ್ಚುಕಡಿಮೆ ಮೂವತ್ತಾರು ಇಂಚು. ನಾನು ಗಾಳವನ್ನು ಸರಿಯಾಗಿ ಬಂಡೆಯ ಮೇಲೆಯೇ ಇಳಿಸಿದ್ದೆ.

ಅವರಿಗೆ ಅದನ್ನು ಹೇಳಿದೆ. “ತಪ್ಪು ನಿಮ್ಮ ಕೈದಲ್ಲ, ನನ್ನ ಸ್ಕೇಲಿಂದು. ನಿಮ್ಮ ಎರಡು ಮೊಳ ಅಂದ್ರೆ ಇಪ್ಪತ್ತೊಂಬತ್ತು ಇಂಚು. ಕೊಡಿ, ಅಳೆದು ಸರಿಮಾಡ್ತೀನಿ.”

ಆವಲಪ್ಪ ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಬ್ಯಾಡಿ, ಮಡಗಿ ನಿಮ್ ಸ್ಕೇಲು” ಎಂದು ಎರಡನೆಯ ಬೆಂಡನ್ನು ತೆಗೆದುಕೊಂಡರು. ಬಲಗೈಯ ಮೇಲೆ ದಾರವನ್ನು ಎರಡು ಸಲ ಅಳೆದು, ವಾಲ್ ಟ್ಯೂಬನ್ನು ಹಲ್ಲಿನಿಂದ ಜಾರಿಸಿದರು.

ಈ ಸಲ ಬೆಂಡು ಬಂಡೆಯ ಮೇಲೆಯೇ ಅತ್ತಿತ್ತ ಓಡಾಡಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬಿಸಿಲು ಏರುವ ಹೊತ್ತಿಗೆ ಕೆಂಪು ತುದಿ ಎರಡು ಸಲ ನಡುಗಿ, ತಟ್ಟನೆ ಮುಳುಗಿತು.

ದಡದ ಹುಲ್ಲಿನ ಮೇಲೆ ಒದ್ದಾಡುತ್ತಿದ್ದ ಗೆಂಡೆಯನ್ನು ಅವರು ತೋಳಿಗೆ ಒತ್ತಿ ಹಿಡಿದು ಅಳೆದರು.

“ಮುಕ್ಕಾಲು ಮೊಳ ಐತೆ ಸಾರ್!”

“ಯಾರ ಮೊಳ?”

“ಕೃಷ್ಣಮ್ಮನ ಅಪ್ಪಂದು” ಎಂದರು ಆವಲಪ್ಪ.