ಮೂರನೆಯ ರೊಟ್ಟಿ

ನನ್ನಂಥ ಹೇಡಿ ಕೊಟ್ಟೂರಿನ ಹಮಾಲರಲ್ಲಿ ಇನ್ನೊಬ್ಬನಿಲ್ಲ. ಕ್ವಿಂಟಲ್ ಚೀಲ ಬೆನ್ನ ಮೇಲೆ ಹೊರುತ್ತೇನೆ, ಸಂಜೆ ಮಿರ್ಚಿ ಕರಿಯುವ ವಾಸನೆ ಬಂದರೆ ಮಾತ್ರ ಕಾಲುಗಳು ಅಲ್ಲೇ ನಿಂತುಬಿಡುತ್ತವೆ.

ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಅನ್ನ ಕಡಿಮೆ ಮಾಡಿ ಜೋಳದ ರೊಟ್ಟಿ, ಸೊಪ್ಪು ತಿನ್ನು ಎಂದರು. ಅವರಿಗೇನು, ಹೇಳಿದರು. ರೇಷನ್ ಅಕ್ಕಿ ಪುಕ್ಕಟೆ, ಜೋಳ ಕೊಳ್ಳಬೇಕು. ನನ್ನ ಹೆಂಡತಿ ಕಲ್ಯಾಣಮ್ಮ ಅದಕ್ಕೂ ದಾರಿ ಹುಡುಕಿದಳು: ಹೊತ್ತಿಗೆ ಎರಡು ರೊಟ್ಟಿ, ಪುಂಡಿಸೊಪ್ಪಿನ ಪಲ್ಯ ನನಗೆ, ಬರೀ ಅನ್ನ ತನಗೆ. ನಾನೋ, ದಿನಾ ಸಂಜೆ ಮಂಡಕ್ಕಿ ಮಿರ್ಚಿ ತಿಂದು, ಮೇಲೆ ಸಕ್ಕರೆ ಚಹಾ ಕುಡಿದು, ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದೆ.

ಹೋದ ತಿಂಗಳು ಕಲ್ಯಾಣಮ್ಮನ ಜೊತೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇನ್ನೂ ಏರಿತ್ತು.

"ಏನ್ ತಿಂತೀಯಪ್ಪಾ ಹಾಲೇಶಪ್ಪ?" ಎಂದು ನರ್ಸಮ್ಮ ಗದರಿದರು.

ನನ್ನ ಹಾಳು ನಾಲಿಗೆ. "ಇಕಿ ಜ್ವಾಳದ ಹಿಟ್ಟಿನಾಗ ಅಕ್ಕಿಹಿಟ್ಟು ಬೆರಸ್ತಾಳ್ರಿ," ಎಂದುಬಿಟ್ಟೆ.

"ಸಕ್ಕರಿ ಏರಿಸಿ ಗಂಡನ ಕಾಲು ಕೊಯ್ಸಬೇಕು ಅಂತ ಮಾಡಿಯೇನವಾ?" ನರ್ಸಮ್ಮ ಎಲ್ಲರ ಮುಂದೆ ಅವಳಿಗೆ ಬೈದರು. ಕಲ್ಯಾಣಮ್ಮ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದಳು, ಅಲ್ಲ ಅನ್ನಲಿಲ್ಲ. ನಾನು ಗೋಡೆ ನೋಡುತ್ತಾ ನಿಂತಿದ್ದೆ.

ಮಾರನೆಯ ದಿನದಿಂದ ಅವಳು ಕಳೆ ಕೀಳುವ ಕೂಲಿಗೆ ಹೊರಟಳು. ದುಡ್ಡು ಬೇಡ, ಜೋಳ ಕೊಡಿ ಎಂದು ಹೊಲದವರಿಗೆ ಹೇಳಿದ್ದಳಂತೆ. ಎಂಟು ದಿನ ಸೊಂಟ ಹಿಡಿದುಕೊಂಡು ಮನೆಗೆ ಬಂದಳು. ಎಂಟು ದಿನವೂ ನಿಜ ಹೇಳಬೇಕೆಂದು ಬಾಯಿ ತೆರೆದೆ, ನೀರು ಕುಡಿದು ಮುಚ್ಚಿದೆ. ಒಂಬತ್ತನೆಯ ದಿನ ತಟ್ಟೆಯಲ್ಲಿ ಮೂರು ರೊಟ್ಟಿ ಇದ್ದವು. ತಟ್ಟೆ ಹಿಂದಕ್ಕೆ ಸರಿಸಿದೆ.

"ಕಲ್ಯಾಣಿ, ಅವತ್ತು ಸುಳ್ಳು ಹೇಳಿದೆ. ತಪ್ಪು ನಿನ್ನ ರೊಟ್ಟಿದಲ್ಲ. ನಾನು ದಿನಾ ಮಿರ್ಚಿ ತಿಂತೀನಿ."

"ಗೊತ್ತೈತ್ರಿ. ನಿಮ್ಮ ಅಂಗಿ ತೊಳಿಯಾಕಿ ನಾನಾ. ಕಿಸೆದಾಗ ಮಂಡಕ್ಕಿ ಸಿಗ್ತಾವ."

"ಮತ್ತ ನರ್ಸಮ್ಮನ ಮುಂದ ಯಾಕ ಸುಮ್ನಿದ್ದಿ?"

"ನಾಕು ಜನದ ಮುಂದ ನಿಮ್ಮ ಮರ್ಯಾದಿ ಕಳೀಲೇನು?" ಎಂದು ಪಲ್ಯ ಬಡಿಸಿದಳು. "ಚೀಲ ಹೊರೋ ಮನುಷ್ಯಾಗ ಎರಡು ರೊಟ್ಟಿ ಎಲ್ಲಿ ಸಾಲ್ತಾವ, ಹಸಿವಿಗಿ ಮಿರ್ಚಿ ತಿಂತಾರ ಅನಕೊಂಡೆ. ಅದಕ್ಕ ಕೂಲಿಗಿ ಹೋದೆ. ಇನ್ನ ಮೂರು ಮಾಡ್ತೀನಿ. ಉಣ್ರಿ."

ಅದು ಹಸಿವಲ್ಲ, ಬರೀ ಬಾಯಿ ಚಪಲ ಎಂದು ಹೇಳುವ ಧೈರ್ಯ ಆಗಲೂ ಬರಲಿಲ್ಲ. ಮೂರನೆಯ ರೊಟ್ಟಿಯನ್ನೂ ಮುರಿದು ತಿಂದೆ. ಅವಳು ಎದುರಿಗೆ ಕುಳಿತು ಅನ್ನ ಕಲಸಿಕೊಂಡಳು.