ಪೀಪಾಯಿಯಲ್ಲಿ ತೇಗಿದ ಕಲ್ಲು

ಪರೀಕ್ಷಕಿ ಎರಡು ಗಂಟೆಗೆ ಬರುವವಳಿದ್ದಳು. ಆಗಲೇ ಹನ್ನೆರಡಾಗಿತ್ತು. ಶೆಡ್ಡಿನಲ್ಲಿ ನಲವತ್ತೊಂದನೆಯ ಕಲ್ಲಿನ ಜಾಗ ಖಾಲಿ. ಅದೆಲ್ಲಿದೆ ಎಂಬುದು ಸ್ವಾಲಾ ಒಬ್ಬಳಿಗೇ ಗೊತ್ತು.

ಐಸ್‌ಲ್ಯಾಂಡಿನ ಆ ಲಾವಾ ಬಯಲಿನ ಸ್ಥಾವರದಲ್ಲಿ, ಬಿಸಿಯಾವಿಯ ಜೊತೆ ಮೇಲೆ ಬರುವ ಇಂಗಾಲದ ಅನಿಲವನ್ನು ನೀರಿಗೆ ಬೆರೆಸಿ ಮತ್ತೆ ನೆಲದಾಳಕ್ಕೆ ಇಳಿಸುತ್ತಿದ್ದರು. ಎರಡು ವರ್ಷದಲ್ಲಿ ಅದು ಕರಿಬಂಡೆಯ ತೂತುಗಳಲ್ಲಿ ಬಿಳಿ ಹರಳಾಗಿ ಕೂರುತ್ತಿತ್ತು. ಪರೀಕ್ಷೆಗೆಂದು ಆ ಬಂಡೆಯಿಂದ ಕೊರೆದು ತೆಗೆದ ದುಂಡು ಕಲ್ಲುಗಳನ್ನು ತೊಳೆದು ಸಂಖ್ಯೆ ಬರೆಯುವುದು ಸ್ವಾಲಾಳ ಕೆಲಸ.

ಇಂಥ ವಿಧಾನ ಎಷ್ಟು ಪಕ್ವವಾಗಿದೆಯೆಂದು ಅಳೆಯಲು ಒಂಬತ್ತು ಮೆಟ್ಟಿಲು. ಇವರದು ಏಳರಲ್ಲಿ ನಿಂತಿತ್ತು. ವರದಿಗಳೆಲ್ಲ ಸರಿಯಿದ್ದವು; ಪರೀಕ್ಷಕಿ ನಲವತ್ತೊಂದನ್ನು ಕಣ್ಣಾರೆ ಕಂಡರೆ ಎಂಟು. ಕಾಣದಿದ್ದರೆ ವಿಧಾನ ಇನ್ನೊಂದು ವರ್ಷ ಏಳರಲ್ಲಿ, ಸ್ವಾಲಾ ಮನೆಯಲ್ಲಿ.

ಕಲ್ಲು ಶೆಡ್ಡು ದಾಟಬಾರದೆಂಬ ನಿಯಮವಿತ್ತು. ಆದರೆ "ಶಾಲೆ ಬಿಟ್ಟು ಅಲ್ಲೇನು ಮಣ್ಣು ಹೊರ್ತೀಯೇ?" ಎಂದು ಅಜ್ಜಿ ಹಂಗಿಸುತ್ತಿದ್ದಳು. ಶುಕ್ರವಾರ ಸ್ವಾಲಾ ಎಲ್ಲಕ್ಕಿಂತ ಚೆಂದದ ನಲವತ್ತೊಂದನ್ನೇ ಕೋಟಿನೊಳಗಿಟ್ಟು ತೋರಿಸಲು ಒಯ್ದಿದ್ದಳು. ಶನಿವಾರ, ಭಾನುವಾರ ಗೆಳತಿಯ ಮನೆಯಲ್ಲಿ ಕಳೆದು, ಇವತ್ತು ಸೋಮವಾರ ಬೆಳಿಗ್ಗೆ ಗಡಿಬಿಡಿಯಲ್ಲಿ ಕಲ್ಲು ಮರೆತು ಅಲ್ಲಿಂದಲೇ ಕೆಲಸಕ್ಕೆ ಬಂದಿದ್ದಳು.

ಪಿಕಪ್ ಓಡಿಸಿಕೊಂಡು ಮನೆಗೆ ಬಂದರೆ ಅಜ್ಜಿ ಸೌಟು ಹಿಡಿದು ಉಗ್ರಾಣದ ಬಾಗಿಲಲ್ಲೇ ನಿಂತಿದ್ದಳು.

"ನಿನ್ನ ಕಲ್ಲಿಗೆ ದೆವ್ವ ಮೆಟ್ಟಿದೆ ಕಣೇ!"

"ಎಲ್ಲಿಟ್ಟೆ ಅಜ್ಜಿ?"

"ಎಲ್ಲಿಡ್ತಾರೆ? ಕೆಡದಿರ್ಲಿ ಅಂತ ಹುಳಿ ಹಾಲೊಡಕಲ್ಲಿ ಹಾಕಿದ ರಕ್ತದ ಸಾಸೇಜು ಮುಳುಗದೆ ತೇಲ್ತಾ ಇತ್ತು. ನಿನ್ನ ಕಲ್ಲು ದುಂಡಗೆ, ಭಾರವಾಗಿ, ತೊಳೆದೂ ಇತ್ತು. ಮೇಲೆ ಹೇರಿದೆ."

ಹುಳಿ ಹಾಲೊಡಕಿನ ಪೀಪಾಯಿ ಗುಳುಗುಳು ಎನ್ನುತ್ತಿತ್ತು. ಮುಚ್ಚಳ ಕುಣಿಯುತ್ತಿತ್ತು. ಅಂಚು ದಾಟಿದ ನೊರೆಯನ್ನು ಬೆಕ್ಕು ನೆಕ್ಕುತ್ತಿತ್ತು.

"ಮೂರು ದಿನದಿಂದ ತೇಗ್ತಾನೇ ಇದೆ! ಇದರ ಸದ್ದಿಗೆ ನಿನ್ನೆ ರೇಡಿಯೋದಲ್ಲಿ ಪ್ರಾರ್ಥನೆನೂ ಕೇಳಿಸಲಿಲ್ಲ."

"ಅಯ್ಯೋ, ಹುಳಿಗೆ ಹರಳು ಕರಗಿ ಅನಿಲ ಬರ್ತಿದೆ! ನಾವು ಎರಡು ವರ್ಷ ಕೂತು ಒಳಗೆ ಕಳಿಸಿದ್ದನ್ನ ನೀನು ಹೊರಗೆ ಬಿಡ್ತಾ ಇದ್ದೀಯಲ್ಲ!"

"ನನ್ನ ಹುಳಿಯೆಲ್ಲ ಸಪ್ಪೆಯಾಯ್ತು, ಅದಕ್ಕೇನು ಹೇಳ್ತೀ?"

ಸ್ವಾಲಾಳಿಗೆ ಅಳು ಬರಬೇಕಿತ್ತು, ನಗು ಬಂತು. ಭುಜದವರೆಗೆ ಕೈಯಿಳಿಸಿ ಕಲ್ಲೆತ್ತಿಕೊಂಡಳು. ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿ ಅದು ಸಣ್ಣಗೆ ಸುಸ್ ಎನ್ನುತ್ತಿತ್ತು; ಇವಳು ಹೊಟ್ಟೆ ಹಿಡಿದು ನಗುತ್ತಿದ್ದಳು.

ಎರಡು ಗಂಟೆಗೆ ಶೆಡ್ಡಿನ ಮೇಜಿನ ಮೇಲೆ ಕಲ್ಲಿಟ್ಟೊಡನೆ ಪರೀಕ್ಷಕಿ ಬೋರ್ಗಿಲ್ದುರ್ ಮೂಗರಳಿಸಿದಳು. "ಯಾರ ಮನೆ ಸಾಸೇಜು ಇದು?"

ಸ್ಥಾವರದ ಮುಖ್ಯಸ್ಥ ಸ್ಟೈನಾರ್ ಕೆಂಪಾದ. ಆಸಿಡ್ಡಿನಲ್ಲಿ ತೊಳೆದೆ ಎಂದು ಸ್ವಾಲಾ ಸುಳ್ಳು ಹೇಳಿದ್ದರೆ ಸಾಕಿತ್ತು. ಆದರೆ ಅವಳ ಬಾಯಿಂದ ನಿಜವೇ ಬಂತು, ತೇಗು, ಬೆಕ್ಕು, ಪ್ರಾರ್ಥನೆ ಸಮೇತ. ಅಷ್ಟು ಮಾತು ಅವಳು ಆ ಶೆಡ್ಡಿನಲ್ಲಿ ವರ್ಷದಲ್ಲೂ ಆಡಿರಲಿಲ್ಲ.

ಬೋರ್ಗಿಲ್ದುರ್ ಕಲ್ಲನ್ನು ತಿರುಗಿಸಿದಳು. ಹೊರಮೈಯ ತೂತುಗಳೆಲ್ಲ ಖಾಲಿ. ಸುತ್ತಿಗೆ ಬೀಸಿದಳು. ಕಲ್ಲು ಎರಡು ಹೋಳಾಯಿತು. ಒಳಗೆ ಬಿಳಿ ಹರಳುಗಳು ಉಪ್ಪು ಚೆಲ್ಲಿದಂತೆ ತುಂಬಿಕೊಂಡಿದ್ದವು.

"ಸ್ಟೈನಾರ್, ಹರಳು ಗುರುತಿಸುವ ಪರೀಕ್ಷೆಯನ್ನು ನೀನು ಎಷ್ಟು ಆಸಿಡ್ಡಿನಲ್ಲಿ ಮಾಡಿದ್ದೆ?"

"ಒಂದು ಹನಿ."

"ಇವಳ ಅಜ್ಜಿ ಒಂದು ಪೀಪಾಯಿಯಲ್ಲಿ ಮಾಡಿದ್ದಾಳೆ. ಆದರೂ ಒಳಗಿನದು ಅಲುಗಿಲ್ಲ." ಅವಳು ನಗುತ್ತಲೇ ಎಂಟು ಎಂದು ಬರೆದಳು.

"ನೀನಿರು ಸ್ವಾಲಾ," ಎಂದ ಸ್ಟೈನಾರ್. "ಶಿಕ್ಷೆ ಇದೆ. ಅಜ್ಜಿಗೆ ಹೊಸ ಹುಳಿ ಹಾಲೊಡಕು ಕೊಂಡು ಕೊಡು. ಭಾರಕ್ಕೊಂದು ಕಲ್ಲೂ ಒಯ್ಯಿ."

ಸ್ವಾಲಾ ಹೊರಗಿನ ಲಾವಾದ ರಾಶಿಯಲ್ಲಿ ಸಂಜೆಯವರೆಗೂ ಹುಡುಕಿದಳು. ಒಂದೂ ಬಿಳಿ ಚುಕ್ಕೆ ಇಲ್ಲದ ಕರಿಗಲ್ಲೇ ಬೇಕಿತ್ತು.